ಎರೆಮಣ್ಣಿನ ಹಿತ್ತಲಲ್ಲಿ ಕೋಳಿಗೂಡು ಕಟ್ಟುವಾಗ

ಅಂಗಡಿಯಲ್ಲಿ ‘ಕೋಳಿ ಜಾಳಿಗೆ’ ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿ ಜಾಳಿಗೆಯ ಸುರುಳಿ ತಂದಿಡುತ್ತಾರೆ. ಕೋಳಿ ಹೊರಗೆ ಹೋಗದಂತೆ ತಡೆಯಲು ಅದು ಸಾಕು. ಹೊರಗಿನ ಪ್ರಾಣಿ ಒಳಗೆ ಬರದಂತೆ ತಡೆಯುವ ತಾಕತ್ತು ಅದಕ್ಕಿಲ್ಲ. ಬೀದಿನಾಯಿ ಹಲ್ಲು ಹಾಕಿ ಜಗ್ಗಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಇಲಿ ಮತ್ತು ಹಾವು ಕಣ್ಣಿನಲ್ಲೇ ತೂರುತ್ತವೆ. ಜವಾರಿ ಕೋಳಿ ಸಾಕುವವರು ಮೊದಲು ಎಡವುವುದು ಇಲ್ಲೇ.

ತರಬೇಕಾದದ್ದು ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್ (ಸತು ಲೇಪಿಸಿದ, ಬೆಸುಗೆ ಹಾಕಿದ ತಂತಿ ಜಾಳಿಗೆ), 16 ಅಥವಾ 18 ಗೇಜ್. ಗೇಜ್ ನಂಬರ್ ಏರಿದಷ್ಟೂ ತಂತಿ ತೆಳುವಾಗುತ್ತದೆ. 24 ಗೇಜಿನದು ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಕೈಯಲ್ಲೇ ಮಡಚಬಹುದಾದ ಜಾಳಿಗೆಯನ್ನು ನಾಯಿ ಬಿಡುತ್ತದೆಯೇ? ದುಡ್ಡು ಸಾಲದಿದ್ದರೆ ಗೋಡೆಗೆ ಪತ್ರಾಸು (ತಗಡು) ಹೊಡೆದು, ಗಾಳಿ ಬರುವ ಜಾಗಕ್ಕೆ ಮಾತ್ರ ಈ ಜಾಳಿಗೆ ಹಾಕಿ. ಅದನ್ನು ಚೌಕಟ್ಟಿನ ಹೊರಮೈಗೆ ಕೂರಿಸಬೇಕು. ಆಗ ಪ್ರಾಣಿ ದೂಡಿದಷ್ಟೂ ಜಾಳಿಗೆ ಕಟ್ಟಿಗೆಗೆ ಒತ್ತಿಕೊಳ್ಳುತ್ತದೆ. ಒಳಗಿನಿಂದ ಹೊಡೆದಿದ್ದರೆ ದೂಡಿದಾಗ ಮೊಳೆಯೇ ಕಿತ್ತು ಬರುತ್ತದೆ. ಸ್ಟೇಪಲ್ ಪಿನ್ ನಂಬಬೇಡಿ. ನಾಲ್ಕು ಇಂಚಿಗೊಂದು ಸ್ಕ್ರೂ, ಅದರಡಿ ಅಗಲ ವಾಷರ್ ಇರಲಿ. ಇಲ್ಲವೇ ಜಾಳಿಗೆಯ ಅಂಚಿನ ಮೇಲೆ ಕಟ್ಟಿಗೆ ಪಟ್ಟಿ ಇಟ್ಟು ಅದರ ಮೇಲೆ ಸ್ಕ್ರೂ ಹೊಡೆಯಿರಿ.

ಇನ್ನು ನೆಲದ ಮಾತು. ಗದಗ, ರೋಣ, ನವಲಗುಂದ ಕಡೆಯವರಿಗೆ ಹೆಚ್ಚು ತಲೆನೋವು ಕೊಡುವುದು ಇದೇ. ಎರೆಮಣ್ಣು, ಅಂದರೆ ಕಪ್ಪುಮಣ್ಣು, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ನಾಲ್ಕು ಕಂಬ ಹೂಳಿ ಗೂಡು ಕಟ್ಟಿದರೆ ಒಂದೊಂದು ಕಂಬ ಒಂದೊಂದು ದಿಕ್ಕಿಗೆ ವಾಲುತ್ತದೆ. ಚೌಕಟ್ಟು ಸೊಟ್ಟಗಾಗಿ ಬಾಗಿಲು ಕೂಡುವುದಿಲ್ಲ, ಕೆಳಗೆ ಎರಡು ಬೆರಳು ಸಂದಿ ಬೀಳುತ್ತದೆ. ಜನವರಿಯಲ್ಲಿ ಭದ್ರವಾಗಿದ್ದ ಗೂಡು ಏಪ್ರಿಲ್‌ನಲ್ಲಿ ಹಾಗಿರುವುದಿಲ್ಲ. ಬಿರುಕುಗಳಂತೂ ಇಲಿಗೂ ಹಾವಿಗೂ ಸಿದ್ಧ ದಾರಿ.

ಹಾಗಾಗಿ ಎರೆನೆಲದಲ್ಲಿ ಕಂಬ ಹೂಳಬೇಡಿ. ಕಟ್ಟಿಗೆ ಅಥವಾ ಕಬ್ಬಿಣದ ಆಂಗಲ್‌ನಲ್ಲಿ ನಾಲ್ಕು ಕಾಲಿನ ಒಂದೇ ಪೆಟ್ಟಿಗೆ ಮಾಡಿಸಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ನಿಲ್ಲುವಂತೆ ಕಾಲುಗಳನ್ನು ಪರಸಿ (ಚಪ್ಪಡಿ) ಕಲ್ಲಿನ ಮೇಲೆ ಇಡಿ. ನೆಲ ಅಲುಗಿದರೆ ಇಡೀ ಪೆಟ್ಟಿಗೆ ಅಲುಗುತ್ತದೆ, ಸಂದಿ ಬೀಳುವುದಿಲ್ಲ. ವಾಲಿದ ಕಡೆ ಕಲ್ಲಿನಡಿ ಒಂದಿಷ್ಟು ಗರಸು (ಹರಳುಗಲ್ಲಿನ ಮಣ್ಣು) ತುಂಬಿದರೆ ಆಯಿತು. ಪೆಟ್ಟಿಗೆಯ ತಳಕ್ಕೂ ಹಲಗೆ ಬೇಕು, ಅದನ್ನು ಮರೆಯುವವರು ಬಹಳ.

ಹಾವೇರಿ, ರಾಣೆಬೆನ್ನೂರು ಕಡೆಯ ಮಸಾರಿ (ಕೆಂಪುಮಣ್ಣಿನ) ನೆಲದಲ್ಲಿ ಕಂಬ ನಿಲ್ಲುತ್ತದೆ. ಅಲ್ಲಿನ ಕಾಟ ಕೆರೆಯುವ ಪ್ರಾಣಿಗಳದ್ದು. ನಾಯಿಯಾಗಲಿ ನರಿಯಾಗಲಿ ಗೋಡೆಯ ಬುಡದಲ್ಲೇ ಕೆರೆಯಲು ಶುರು ಮಾಡುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಯೋಚನೆ ಅದಕ್ಕೆ ಹೊಳೆಯುವುದು ಕಡಿಮೆ. ಗೋಡೆಯ ಜಾಳಿಗೆಗೆ ತಂತಿಯಿಂದ ಹೊಲಿದು ಎರಡು ಅಡಿ ಅಗಲದ ಜಾಳಿಗೆಯನ್ನು ಹೊರಗಡೆಗೆ ನೆಲದ ಮೇಲೆ ಹಾಸಿ, ಮೇಲೆ ಮೂರು ಇಂಚು ಮಣ್ಣು ಎಳೆದು ಕಲ್ಲು ಹೇರಿ. ಉಗುರಿಗೆ ತಂತಿ ತಾಗಿದೊಡನೆ ಕೆರೆಯುವುದು ನಿಲ್ಲುತ್ತದೆ.

ಗೂಡು ಭದ್ರವಿದ್ದೂ ಬೆಳಗ್ಗೆ ಜಾಳಿಗೆಯ ಪಕ್ಕ ತಲೆಯಿಲ್ಲದ ಕೋಳಿ ಬಿದ್ದಿದ್ದರೆ, ಜಾಳಿಗೆಗೆ ಒರಗಿ ಮಲಗಿದ್ದ ಕೋಳಿಯ ಕುತ್ತಿಗೆಯನ್ನು ಬೆಕ್ಕೋ ಪುನುಗೋ ಹೊರಗಿನಿಂದಲೇ ಎಳೆದಿದೆ ಎಂದರ್ಥ. ದೊಡ್ಡ ಕಣ್ಣಿನ ಜಾಳಿಗೆಯಲ್ಲಿ ಹೀಗಾಗುತ್ತದೆ. ಕೋಳಿ ಕೂರುವ ಕೋಲು ಜಾಳಿಗೆಯಿಂದ ಕನಿಷ್ಠ ಒಂದು ಅಡಿ ಒಳಗಿರಲಿ. ಕೋಲು ಎರಡು ಇಂಚು ದಪ್ಪ, ಕೋಳಿಗೊಂದು ಎಂಟರಿಂದ ಹತ್ತು ಇಂಚು ಜಾಗ. ರಾತ್ರಿ ಮಲಗಲಷ್ಟೇ ಆದರೆ ಹತ್ತು ಕೋಳಿಗೆ ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಗೂಡು ಸಾಲುತ್ತದೆ. ಗಾಳಿಕಿಂಡಿ ಕೋಳಿಯ ತಲೆಗಿಂತ ಮೇಲಿರಬೇಕು. ಹೆದರಿ ಎಲ್ಲ ಕಿಂಡಿ ಮುಚ್ಚಿದರೆ ಮೇ ತಿಂಗಳಲ್ಲಿ ಪತ್ರಾಸಿನಡಿ ಕೋಳಿಗಳು ಸೆಕೆಗೇ ಸಾಯುತ್ತವೆ.

ಉಳಿದ ಗುರುತುಗಳನ್ನೂ ಓದಲು ಕಲಿಯಿರಿ. ಹಲವು ಕೋಳಿ ಸತ್ತು ತಿನ್ನದೆ ಬಿದ್ದಿದ್ದರೆ ಹೆಚ್ಚಾಗಿ ಅದು ನಾಯಿ ಕೆಲಸ. ಮರಿಗಳು ಒಂದೊಂದಾಗಿ ಮಾಯವಾಗುತ್ತಿದ್ದರೆ ಹೆಗ್ಗಣ ಅಥವಾ ಹಾವು. ಮೈಗೆ ಗಾಯವಿಲ್ಲ, ತಲೆ-ಕತ್ತಿನ ಪುಕ್ಕ ಮಾತ್ರ ಜೊಲ್ಲಿನಿಂದ ಅಂಟಿಕೊಂಡಿದೆ ಎಂದಾದರೆ ಹಾವು ನುಂಗಲು ನೋಡಿ ಆಗದೆ ಉಗುಳಿದೆ. ಕಾವು ಕೂತ ಕೋಳಿಗೆ, ಮರಿಗಳಿಗೆ ಬುಟ್ಟಿ ಕವುಚಿ ಮೇಲೆ ಕಲ್ಲಿಡುವ ರೂಢಿ ಹಗಲಿಗೆ ಸರಿ. ರಾತ್ರಿ ಹೆಗ್ಗಣ ಅಡಿಯಿಂದ ತೋಡುತ್ತದೆ; ಬುಟ್ಟಿ ಸಮೇತ ಗೂಡಿನೊಳಗೆ ಇಡಿ.

ಬಾಗಿಲಿಗೆ ಬರೀ ತಿರುಗು ಚಿಲಕ ಸಾಲದು. ಅಗಳಿ ಹಾಕಿ, ಕೊಂಡಿಗೆ ಒಂದು ಮೊಳೆಯನ್ನಾದರೂ ಸಿಕ್ಕಿಸಿ. ಮುಚ್ಚುವ ಹೊತ್ತನ್ನು ಗಡಿಯಾರ ನೋಡಿ ನಿರ್ಧರಿಸಬೇಡಿ: ನಮ್ಮಲ್ಲಿ ನವೆಂಬರ್‌ನಲ್ಲಿ ಹೊತ್ತು ಮುಳುಗುವುದು 6ರ ಆಸುಪಾಸು, ಜುಲೈನಲ್ಲಿ 7 ದಾಟಿ. ಜವಾರಿ ಕೋಳಿ ಬಿಟ್ಟರೆ ಬೇವಿನ ಮರವನ್ನೇ ಏರುತ್ತದೆ. ವಾರದ ಮಟ್ಟಿಗೆ ಗೂಡಿನಲ್ಲೇ ಕೂಡಿ ಹಾಕಿ, ಆಮೇಲೆ ಸಂಜೆಯ ಜೋಳವನ್ನು ಒಳಗೇ ಚೆಲ್ಲಿದರೆ ತಾವಾಗಿ ಬರುತ್ತವೆ. ಅವು ತಿಂದು ಮುಗಿಸುವಷ್ಟೇ ಹಾಕಿ. ಉಳಿದ ಕಾಳಿಗೆ ಇಲಿ, ಇಲಿಯ ಹಿಂದೆ ಹಾವು. ರಾತ್ರಿಯಿಡೀ ಬಲ್ಬ್ ಉರಿಸಿದರೂ ಇದೇ ಕಥೆ: ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು.

ನೈಲಾನ್ ಬಲೆ ಸುತ್ತಬೇಡಿ, ಹಾವು ಸಿಕ್ಕಿ ಒದ್ದಾಡಿ ಸಾಯುತ್ತದೆ. ವಿಷ ಇಡುವುದು, ಉರುಲು ಹಾಕುವುದು, ತಂತಿಗೆ ಕರೆಂಟ್ ಬಿಡುವುದು ಖಂಡಿತ ಕೂಡದು. ನರಿ, ಕಾಡುಬೆಕ್ಕು, ಪುನುಗು, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕರೆಂಟಿಗೆ ಮನೆಯ ಮಕ್ಕಳೇ ಬಲಿಯಾಗಬಹುದು. ಗೂಡಿನಲ್ಲಿ ಹಾವು ಕಂಡರೆ ಕೈ ಹಾಕದೆ ಬಲ್ಲವರನ್ನು ಕರೆಸಿ.

ಯುಗಾದಿ ಹೊತ್ತಿಗೊಮ್ಮೆ, ಮೊದಲ ದೊಡ್ಡ ಮಳೆಯಾದ ಮೇಲೊಮ್ಮೆ ಗೂಡಿನ ಸುತ್ತ ಕೂತು ಪ್ರತಿ ಜೋಡಣೆಗೂ ಬೆರಳಾಡಿಸಿ ನೋಡಿ. ಕಿರುಬೆರಳು ತೂರುವಷ್ಟು ಸಂದಿ ಸಿಕ್ಕರೆ ಅವತ್ತೇ ಜಾಳಿಗೆಯ ತುಂಡು ಹೊಡೆಯಿರಿ.