ಇಳಿದು ಬಂದವನ ಹಾಜರಿ

ಬಳ್ಳಾರಿ ಜಿಲ್ಲೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಎತ್ತರದ ಕೆಲಸಗಾರರಿಗೆ ಸುರಕ್ಷತಾ ತರಬೇತಿ ಕೊಡುವುದು ನನ್ನ ಉದ್ಯೋಗ. ಚಿಮಣಿ, ಶೆಡ್ಡಿನ ಚಾವಣಿ ಹತ್ತುವ ಹುಡುಗರಿಗೆ ಬೆಲ್ಟ್ ಕಟ್ಟುವುದನ್ನು, ಕೊಕ್ಕೆ ಸಿಕ್ಕಿಸುವುದನ್ನು ಕಲಿಸುವುದು ಸುಲಭ. ಹತ್ತಿದ ಮೇಲೆ ಕೆಲಸ ಬಿಟ್ಟು ಇಳಿಯುವುದನ್ನು ಕಲಿಸುವುದೇ ಕಷ್ಟ. ಅದಕ್ಕಾಗಿ ಅವರಿಗೆ ಮೂವರು ಯುದ್ಧಕೈದಿಗಳ ಕಥೆ ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಇಟಲಿಯವರು ಕೀನ್ಯಾದ ನಾನ್ಯುಕಿ ಶಿಬಿರದಲ್ಲಿದ್ದರು. ಬೇಲಿಯಾಚೆ ಮೌಂಟ್ ಕೀನ್ಯಾ ಕಾಣುತ್ತಿತ್ತು. 1943ರ ಜನವರಿಯಲ್ಲಿ ಫೆಲಿಚೆ ಬೆನುಜ್ಜಿ, ವೈದ್ಯ ಜೊವಾನ್ನಿ ಬಾಲ್ಲೆತ್ತೊ ಮತ್ತು ವಿನ್ಚೆಂಜೊ ಬಾರ್ಸೊತ್ತಿ ತಪ್ಪಿಸಿಕೊಂಡು ಹೊರಟದ್ದು ಆ ಪರ್ವತವನ್ನು ಹತ್ತಲೆಂದೇ. ಸುತ್ತಿಗೆಗಳನ್ನು ತಿದ್ದಿ ಹಿಮಗೊಡಲಿ ಮಾಡಿಕೊಂಡಿದ್ದರು. ಬೂಟಿನಡಿಯ ಮುಳ್ಳುಗಳಿಗೆ ಗುಜರಿ ಲೋಹ. ಮಾಂಸದ ಡಬ್ಬಿಯ ಲೇಬಲ್ಲಿನ ಮೇಲಿದ್ದ ಪರ್ವತದ ಚಿತ್ರವೂ ಅವರಿಗೆ ನಕ್ಷೆಯಾಯಿತು. ಇಲ್ಲಿಗೆ ಬಂದಾಗ ವೆಲ್ಡಿಂಗ್ ಬಲ್ಲ ಹುಡುಗರ ಕಣ್ಣು ಅರಳುತ್ತದೆ. ಆ ಮುಳ್ಳುಗಳನ್ನು ಹೇಗೆ ಬಗ್ಗಿಸಿರಬಹುದೆಂದು ತಮ್ಮಲ್ಲೇ ವಾದಿಸುತ್ತಾರೆ.

ನನಗೆ ಬೇಕಾದದ್ದು ಮುಂದಿನ ಭಾಗ. ಬಾರ್ಸೊತ್ತಿಗೆ ಅನಾರೋಗ್ಯ, ಅವನು ಕೆಳಗಿನ ಬಿಡಾರದಲ್ಲೇ ಉಳಿದ. ಇಬ್ಬರು 5,199 ಮೀಟರ್ ಎತ್ತರದ ಬಟಿಯಾನ್ ಶಿಖರದತ್ತ ಏರಿದರು. ಹಿಮ ಸುರಿಯಿತು. ತಿಂಗಳುಗಟ್ಟಲೆ ಕದ್ದುಮುಚ್ಚಿ ಸಿದ್ಧತೆ ನಡೆಸಿದವರು ಅಲ್ಲಿಂದಲೇ ಹಿಂದಿರುಗಿದರು! ಬಳಿಕ ಅದೇ ಪರ್ವತದ 4,985 ಮೀಟರಿನ ಲೆನಾನಾ ಶಿಖರ ಏರಿ ಇಟಲಿಯ ಧ್ವಜ ನೆಟ್ಟರು. ಹಸಿದ ಹೊಟ್ಟೆಯಲ್ಲೇ ಮೂವರೂ ತಾವಾಗಿ ಶಿಬಿರಕ್ಕೆ ಮರಳಿದರು. 28 ದಿನಗಳ ಏಕಾಂತ ಸೆರೆಯ ಶಿಕ್ಷೆಯಾಯಿತು. ಸಾಹಸ ಮೆಚ್ಚಿದ ಶಿಬಿರಾಧಿಕಾರಿ ಅದನ್ನು 7 ದಿನಕ್ಕೆ ಇಳಿಸಿದ.

ಒಮ್ಮೆ ತರಬೇತಿಯಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಕೇಳಿದ: “ಸರ್, ಇಳಿದರೆ ಅವರ ಕೂಲಿ ಕತ್ತರಿಸುವವರು ಯಾರೂ ಇರಲಿಲ್ಲವಲ್ಲ?”

ಎಷ್ಟು ಸರಿಯಾದ ಪ್ರಶ್ನೆ! ಬೆಟ್ಟದ ಮೇಲೆ ಆ ಕೈದಿಗಳಿಗೆ ಸಾಕೆನ್ನುವ ಸ್ವಾತಂತ್ರ್ಯವಿತ್ತು. ಮಳೆಗೆ ಮುನ್ನ ಗಾಳಿ ಎದ್ದಾಗ ಚಾವಣಿಯ ಮೇಲಿರುವ ನಮ್ಮ ದಿನಗೂಲಿ ಹುಡುಗನಿಗೆ ಅದಿಲ್ಲ. ಇಳಿದರೆ ಅರ್ಧ ಹಾಜರಿ. ಮನೆಗೆ ಹಣ ಕಳಿಸಬೇಕಾದವನು ಗಾಳಿಯಲ್ಲೇ ಇನ್ನೆರಡು ಬೋಲ್ಟ್ ಬಿಗಿಯುತ್ತಾನೆ. ಅವನಿಗೆ ನಾನು ಧೈರ್ಯದ ಪಾಠ ಹೇಳಿ ಏನು ಪ್ರಯೋಜನ?

ಅಂದಿನಿಂದ ಈ ಕಥೆಯನ್ನು ಹುಡುಗರಿಗಿಂತ ಹೆಚ್ಚಾಗಿ ಗುತ್ತಿಗೆದಾರರಿಗೆ, ಮೇಸ್ತ್ರಿಗಳಿಗೆ ಹೇಳುತ್ತಿದ್ದೇನೆ. ಇಳಿದವನ ಹಾಜರಿ ಕತ್ತರಿಸಬೇಡಿ ಎಂದರೆ ಕೆಲವರು ಒಪ್ಪಿದ್ದಾರೆ, ಕೆಲವರು ನಷ್ಟ ಯಾರು ತುಂಬುತ್ತಾರೆ ಎಂದು ಕೇಳುತ್ತಾರೆ. ಎತ್ತರದ ಕೆಲಸದ ಪರ್ಮಿಟ್ಟಿನಲ್ಲೇ ಒಂದು ಸಾಲು ಸೇರಿಸಬೇಕೆಂದು ಕಚೇರಿಗೆ ಬರೆದುಕೊಟ್ಟಿದ್ದೇನೆ: ಅಪಾಯವೆನಿಸಿ ಇಳಿದವನಿಗೆ ಆ ದಿನದ ಪೂರ್ತಿ ಹಾಜರಿ.