ನಿಲ್ಲಿಸಿದವರು, ನಿಲ್ಲಿಸದವರು

ಜೂನ್ 28, 2025, ಶನಿವಾರ
ಯೊಕೊಹಾಮಾ

ಮೊನ್ನೆ ಬುಧವಾರ ಜಪಾನಿನ ಸದರ್ನ್ ಆಲ್ ಸ್ಟಾರ್ಸ್ ಬ್ಯಾಂಡಿಗೆ 47 ವರ್ಷ ತುಂಬಿತು. ಅವರ ಮೊದಲ ರೆಕಾರ್ಡ್ ಬಂದಿದ್ದು 1978ರ ಜೂನ್ 25ಕ್ಕೆ. ಕೆಳಗಿನ ಮನೆಯಾಕೆ ಲಿಫ್ಟ್‌ನಲ್ಲಿ ಸಿಕ್ಕಾಗ ಹಬ್ಬದ ಸಂಭ್ರಮದಲ್ಲೇ ಇದನ್ನು ಹೇಳಿದರು. "ಶನಿವಾರ ಚಿಗಾಸಾಕಿಗೆ ಹೋಗ್ತಿದ್ದೀವಿ, ನೀವೂ ಬನ್ನಿ" ಅಂದರು. ಅವರ ಯಜಮಾನರು ಪಕ್ಕದಲ್ಲೇ ಇದ್ದರು. "ನಾನು ಮೀನು ತಿನ್ನೋಕೆ ಬರ್ತಿದ್ದೀನಿ, ಸಾಝಾನ್‌ಗೋಸ್ಕರ ಅಲ್ಲ" ಅಂತ ಮೊದಲೇ ಸ್ಪಷ್ಟ ಮಾಡಿದರು. ಇಲ್ಲಿಯವರು ಆ ಬ್ಯಾಂಡನ್ನು ಕರೆಯೋದೇ ಸಾಝಾನ್ ಅಂತ.

ಇಬ್ಬರಿಗೂ ಐವತ್ತು ದಾಟಿದೆ. ಆಕೆ ಫುಜಿಸಾವಾದವರು, ಅಂದರೆ ಚಿಗಾಸಾಕಿಯ ಪಕ್ಕದ ಊರು. ಯಜಮಾನರು ಗುನ್ಮಾ ಪ್ರಾಂತ್ಯದವರು. ಅಲ್ಲಿ ಸಮುದ್ರವೇ ಇಲ್ಲ.

ಚಿಗಾಸಾಕಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಆಕೆ ನಮ್ಮನ್ನು ಮೆಟ್ಟಿಲು ಹತ್ತೋಕೇ ಬಿಡಲಿಲ್ಲ. "ನಿಲ್ಲಿ, ನಿಲ್ಲಿ" ಅಂದರು. ಜಪಾನಿನ ಸ್ಟೇಷನ್ನುಗಳಲ್ಲಿ ರೈಲಿನ ಬಾಗಿಲು ಮುಚ್ಚುವ ಮುಂಚೆ ಒಂದು ಪುಟ್ಟ ರಾಗ ಹಾಕುತ್ತಾರೆ. ಇಲ್ಲಿ ಬರೋದು ಸಾಝಾನ್ ಹಾಡಿನ ರಾಗ. ಊರಿನವರು ಕೇಳಿ ಕೇಳಿ 2014ರಲ್ಲಿ ರೈಲ್ವೆಯವರು ಒಪ್ಪಿದ್ದಂತೆ. ಕೆಲವು ಸೆಕೆಂಡು ಅಷ್ಟೇ. ಆಕೆ ಅದನ್ನು ಪೂರ್ತಿ ಕೇಳಿಸಿಕೊಂಡು, ರೈಲು ಹೊರಟ ಮೇಲೆ ಕದಲಿದರು.

ಬ್ಯಾಂಡಿನ ಗಾಯಕ ಕುವಾತಾ ಕೇಸುಕೆ ಹುಟ್ಟಿ ಬೆಳೆದಿದ್ದು ಈ ಊರಿನಲ್ಲಿ. ಇಲ್ಲಿನ ಬೀಚಿಗೆ 1999ರಿಂದ ಬ್ಯಾಂಡಿನ ಹೆಸರೇ ಇದೆ: ಸದರ್ನ್ ಬೀಚ್. ದೂರದಲ್ಲಿ ಎಬೋಶಿ ಬಂಡೆ ಕಾಣುತ್ತದೆ. ಹಳೇ ಕಾಲದ ಅರಮನೆಯವರು ತೊಡುತ್ತಿದ್ದ ಚೂಪು ಟೋಪಿಯ ಆಕಾರ. ಅವರ ಹಾಡುಗಳಲ್ಲಿ ಈ ಬಂಡೆಯೂ ಬರುತ್ತದೆ. ಬೀಚಿನಲ್ಲಿ ಇಂಗ್ಲಿಷಿನ ಸಿ ಅಕ್ಷರದ ದೊಡ್ಡ ಶಿಲ್ಪವಿದೆ. ಅದರ ಬಾಯಲ್ಲಿ ಜೋಡಿಯಾಗಿ ನಿಂತರೆ ಚಕ್ರ ಪೂರ್ತಿಯಾಗುತ್ತದೆ ಅನ್ನೋದು ಐಡಿಯಾ. ಯಜಮಾನರು ಮೀನಿನ ಅಂಗಡಿ ಹುಡುಕುವ ನೆಪದಲ್ಲಿ ಜಾರಿಕೊಂಡರು. ಆಕೆ ಬಿಡಲಿಲ್ಲ, ಎಳೆದುಕೊಂಡು ಬಂದು ನಿಲ್ಲಿಸಿದರು. ಫೋಟೋ ತೆಗೆದಿದ್ದು ನಾನೇ.

ಆಕೆಗೆ ಸಾಝಾನ್ ಬಂದಿದ್ದು ಅಣ್ಣನಿಂದ. ಆಗೆಲ್ಲ ಜಪಾನಿನಲ್ಲಿ ರೆಕಾರ್ಡ್ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಎಲ್‌ಪಿ ತಂದು, ಮನೆಯಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು, ವಾಪಸ್ ಕೊಡೋದು. (ನಮ್ಮ ಕಡೆ ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಎರಡನ್ನೂ ಅಂಗಡಿಯವನ ಕೈಗೆ ಕೊಟ್ಟು ಬರ್ತಿದ್ದೆವಲ್ಲ, ಹೆಚ್ಚುಕಮ್ಮಿ ಅದೇ ವ್ಯವಹಾರ.) ಶುರುವಿನಲ್ಲಿ ಸಾಝಾನ್ ಅಂದರೆ ತಮಾಷೆ ಹುಡುಗರ ಗುಂಪು ಅಂತಲೇ ಜನ ಅಂದುಕೊಂಡಿದ್ದರು. 1979ರಲ್ಲಿ 'ಇತೋಶಿ ನೊ ಎಲ್ಲಿ' ಅನ್ನೋ ನಿಧಾನದ ಪ್ರೇಮಗೀತೆ ಬಂತು, ಎಲ್ಲರ ಬಾಯಿ ಮುಚ್ಚಿತು. ಹತ್ತು ವರ್ಷ ಬಿಟ್ಟು ಒಂದು ವಿಸ್ಕಿ ಜಾಹೀರಾತಿಗಾಗಿ ರೇ ಚಾರ್ಲ್ಸ್ ಅದನ್ನೇ ಇಂಗ್ಲಿಷಿನಲ್ಲಿ ಹಾಡಿದರು.

ಊಟಕ್ಕೆ ಕೂತಾಗ ನಿಜವಾದ ಜಗಳ ಶುರುವಾಯಿತು. ಯಜಮಾನರ ದೇವರು ಬೇರೆ: ಬೋಯಿ. ಅವರ ಗುನ್ಮಾದ ತಕಾಸಾಕಿಯ ಹುಡುಗರು ಕಟ್ಟಿದ ರಾಕ್ ಬ್ಯಾಂಡ್. ಹಿಮುರೊ ಕ್ಯೋಸುಕೆ ಹಾಡುಗಾರ, ಹೋತೆಯಿ ತೊಮೊಯಾಸು ಗಿಟಾರ್. 1987ರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಆ ವರ್ಷದ ಡಿಸೆಂಬರ್ 24ರ ರಾತ್ರಿ, ಶಿಬುಯಾದಲ್ಲಿ, ವೇದಿಕೆ ಮೇಲಿಂದಲೇ ಹಿಮುರೊ ಬ್ಯಾಂಡ್ ನಿಲ್ಲಿಸುತ್ತಿದ್ದೇವೆ ಅಂದರು. 1988ರ ಏಪ್ರಿಲ್ 4 ಮತ್ತು 5ರಂದು, ಆಗಷ್ಟೇ ತೆರೆದಿದ್ದ ಟೋಕಿಯೊ ಡೋಮ್‌ನಲ್ಲಿ ಕೊನೆಯ ಎರಡು ಕಛೇರಿ. ಮುಗೀತು. ನಾಲ್ವರೂ ಒಟ್ಟಿಗೆ ಮತ್ತೆ ವೇದಿಕೆ ಹತ್ತಲೇ ಇಲ್ಲ.

ಯಜಮಾನರು ಆಗಷ್ಟೇ ಹೈಸ್ಕೂಲಿಗೆ ಸೇರುವ ಹುಡುಗ. ಟಿಕೆಟ್ಟಿಗಾಗಿ ಮನೆಯ ಫೋನ್ ಡಯಲ್ ಮಾಡಿ ಮಾಡಿ ಬೆರಳು ನೋವು ಬಂತೇ ಹೊರತು ಲೈನ್ ಸಿಗಲಿಲ್ಲ. "ಸಿಗದೇ ಇದ್ದಿದ್ದೇ ಒಳ್ಳೇದಾಯ್ತು" ಅಂತ ಈಗ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಬೋಯಿಗೆ ವಯಸ್ಸೇ ಆಗಿಲ್ಲ. ಸೋತ ಆಲ್ಬಮ್ ಇಲ್ಲ, ಹೊಟ್ಟೆ ಬಂದ ಫೋಟೋ ಇಲ್ಲ. ಹಿಮುರೊ ಆಮೇಲೆ ಒಬ್ಬರೇ ಹಾಡಿದರು, ಕಿವಿಯ ತೊಂದರೆಯಿಂದ 2016ರಲ್ಲಿ ವೇದಿಕೆ ಬಿಟ್ಟರು. ಹೋತೆಯಿ ಅವರ ಗಿಟಾರನ್ನು ನೀವೂ ಕೇಳಿರುತ್ತೀರಿ, 'ಕಿಲ್ ಬಿಲ್' ಸಿನಿಮಾದ ಆ ಖಡಕ್ ಟ್ಯೂನ್ ಅವರದೇ. 2021ರ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲೂ ಬಣ್ಣಬಣ್ಣದ ಲಾರಿಯೊಂದಿಗೆ ಬಂದು ಬಾರಿಸಿದರು.

"ನಿಮ್ಮವರು ಓಡಿಹೋದರು" ಅಂತ ಆಕೆ. "ನಮ್ಮವರು ಎಲ್ಲ ಅನುಭವಿಸಿದರು." ಮಾತು ಸುಳ್ಳಲ್ಲ. ಗಿಟಾರಿಸ್ಟ್ 2001ರಲ್ಲಿ ಬಿಟ್ಟರು. 2008ರಲ್ಲಿ ಬ್ಯಾಂಡಿಗೆ ದೀರ್ಘ ರಜೆ. 2010ರಲ್ಲಿ ಕುವಾತಾಗೆ ಅನ್ನನಾಳದ ಕ್ಯಾನ್ಸರ್. 2013ರಲ್ಲಿ ವಾಪಸ್ ಬಂದರು, ಆ ಬೇಸಿಗೆ ಇದೇ ಚಿಗಾಸಾಕಿಯ ಮೈದಾನದಲ್ಲಿ ಹಾಡಿದರು. ಈ ಮಾರ್ಚಿನಲ್ಲಿ ಹತ್ತು ವರ್ಷದ ನಂತರ ಹೊಸ ಆಲ್ಬಮ್ ಬಂತು. ಕುವಾತಾಗೆ ಈಗ 69.

ಹಾಡುಗಳಿಗೂ ಏನೇನೋ ಆಗುತ್ತದೆ. ಅವರ ಅತಿ ದೊಡ್ಡ ಹಿಟ್ 2000ದಲ್ಲಿ ಬಂದ 'ತ್ಸುನಾಮಿ'. ಹತ್ತಿರ ಹತ್ತಿರ 30 ಲಕ್ಷ ಪ್ರತಿ ಹೋಯಿತು. ಅದು ಶುದ್ಧ ಪ್ರೇಮಗೀತೆ, ಅಲೆ ಬರೋದು ಮನಸ್ಸಿನಲ್ಲಿ ಮಾತ್ರ. 2011ರ ಮಾರ್ಚ್‌ನ ಭೂಕಂಪ, ಸುನಾಮಿ ದುರಂತದ ನಂತರ ರೇಡಿಯೊದವರು ಅದನ್ನು ಹಾಕೋಕೇ ಹಿಂಜರಿದರು. ಈ ದಂಪತಿ ಮದುವೆಯಾದ ವರ್ಷದ ಹಾಡು ಅದು. ಆಕೆ ಈಗಲೂ ಅದನ್ನು ಬೇರೆಯವರ ಎದುರು ಹಾಡುವುದಿಲ್ಲ. ಆ ಸುನಾಮಿ ಬಡಿದ ಸೆಂದಾಯಿಯಲ್ಲಿ ನಂಟರಿದ್ದಾರೆ.

ನನ್ನನ್ನು ತೀರ್ಪು ಹೇಳು ಅಂದರು. ಸಿನಿಮಾ ಹಾಡು ಕೇಳಿಕೊಂಡು ಬೆಳೆದವನು ನಾನು. ನಮ್ಮಲ್ಲಿ ಬರೆದವರೊಬ್ಬರು, ಹಾಡಿದವರೊಬ್ಬರು, ತುಟಿ ಆಡಿಸಿದವರು ಇನ್ನೊಬ್ಬರು. ತಾವೇ ಬರೆದು, ನುಡಿಸಿ, ಕೇಳುವವರ ಜೊತೆಗೇ ಮುದುಕರಾಗುವ ಗುಂಪಿನ ಮೇಲಿನ ಈ ಪ್ರೀತಿ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದು. ಆದ್ದರಿಂದ ಎರಡೂ ಪಕ್ಷ ಬಿಟ್ಟು ನಾನು ಪ್ರಿನ್ಸೆಸ್ ಪ್ರಿನ್ಸೆಸ್ ಅಂದೆ. ಇಬ್ಬರೂ ಒಟ್ಟಿಗೆ "ಆಆ, ಪುರಿಪುರಿ!" ಅಂದರು.

ಆ ಬ್ಯಾಂಡಿಗೆ ಇಲ್ಲಿಯವರ ಮುದ್ದಿನ ಹೆಸರು ಅದು. ಐದು ಹೆಂಗಸರ ರಾಕ್ ಬ್ಯಾಂಡ್. 1989ರಲ್ಲಿ ಇಡೀ ದೇಶದ ಸಿಂಗಲ್ ಮಾರಾಟದಲ್ಲಿ ಮೊದಲ ಎರಡು ಸ್ಥಾನವೂ ಇವರದೇ. 1996ರಲ್ಲಿ ಟೋಕಿಯೊದ ಬುದೋಕಾನ್ ಸಭಾಂಗಣದಲ್ಲಿ ಕೊನೆಯ ಕಛೇರಿ ಮಾಡಿ ನಿಲ್ಲಿಸಿದರು. ಹದಿನಾರು ವರ್ಷ ಸುಮ್ಮನಿದ್ದು, ಭೂಕಂಪ ಸಂತ್ರಸ್ತರಿಗಾಗಿ 2012ರಲ್ಲಿ ಒಂದೇ ಒಂದು ವರ್ಷಕ್ಕೆ ಅಂತ ಹೇಳಿ ಮತ್ತೆ ಸೇರಿದರು. ಬಂದ ಹಣದ ದೊಡ್ಡ ಪಾಲು ಸೆಂದಾಯಿಯಲ್ಲಿ ಹಾಡಿನ ಸಭಾಂಗಣ ಕಟ್ಟೋಕೆ ಹೋಯಿತು. 2016ರಲ್ಲಿ ಅದು ತೆರೆದಾಗ ಬಂದು ಅಲ್ಲೇ ಹಾಡಿದರು. ನಿಲ್ಲಿಸೋದಕ್ಕೂ ಮತ್ತೆ ಬರೋದಕ್ಕೂ ಒಂದು ಕಾರಣ ಬೇಕು ಅನ್ನೋರು ನನಗೆ ಇಷ್ಟ.

ಸಂಜೆ ಯೊಕೊಹಾಮಾದಲ್ಲಿ ಕರಾವೊಕೆ. ಆಕೆ ಪುರಿಪುರಿಯ 'ಡೈಮಂಡ್ಸ್' ಹಾಕಿದರು. ಯಜಮಾನರು ಅದಕ್ಕೆ ತಾಳ ತಟ್ಟಿದರು, ಆಮೇಲೆ ಬೋಯಿ ಹಾಡು ಹಾಕಿಕೊಂಡು ಸೊಂಟ ಬಾಗಿಸಿ ಹಿಮುರೊ ಥರ ಕಾಲು ಎತ್ತೋಕೆ ಹೋಗಿ ಸೋಫಾ ಹಿಡಿದುಕೊಂಡರು. ಸಾಝಾನ್ ಹಾಡಿಗೆ ಮಾತ್ರ ಮೈಕ್ ಮುಟ್ಟಲಿಲ್ಲ. ಪದ ಅಷ್ಟೂ ಬಾಯಿಪಾಠ ಇತ್ತು, ತುಟಿ ಆಡ್ತಿತ್ತು, ನಾನು ನೋಡಿದೆ.

ಮುಂದಿನ ತಿಂಗಳು ತಕಾಸಾಕಿಗೆ ಹೋಗಬೇಕಂತೆ. ಕಾರು ಯಜಮಾನರದೇ, ಊಟ ಅವರ ಅಮ್ಮನ ಮನೆಯಲ್ಲಿ. ದಾರಿಯಲ್ಲಿ ಹಾಡು ಹಾಕೋದು ಮಾತ್ರ ತಾವೊಬ್ಬರೇ ಅಂತ ಈಗಲೇ ಷರತ್ತು. ಆಕೆ ಹಾಗಾದರೆ ರೈಲಿನಲ್ಲಿ ಬರ್ತೀನಿ ಅಂದಿದ್ದಾರೆ.