‘ಮಾಡ್ತಾ ಇದ್ದೀನಿ ಸಿಸ್ಟರ್’ ಅನ್ನೋ ಉತ್ತರ

ಕೊಡಗಿನಲ್ಲಿ ನರ್ಸ್ ಕೆಲಸ ನನ್ನದು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಮೈಸೂರಿನಲ್ಲಿ ‘ಕರೆಂಟ್’ ಕೊಡಿಸಿಕೊಂಡು ಬಂದ ಹೆಂಗಸರನ್ನು ಮನೆಗೇ ಹೋಗಿ ನೋಡಿ ಬರುತ್ತೇನೆ. ರೇಡಿಯೇಷನ್‌ಗೆ ಅವರು ಹೇಳುವುದು ಹಾಗೇ. ಡೈಲೇಟರ್ ವಿಷಯ ಯಾರೂ ಬಾಯಿಬಿಟ್ಟು ಮಾತಾಡಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೇಡಿಯೇಷನ್ ಆದ ಮೇಲೆ ಯೋನಿಯ ಒಳಗೆ ಒಣಗುತ್ತದೆ. ಗಾಯ ಮಾಯುವಾಗ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಿರಿದಾಗಬಹುದು. ಹಾಗಾಗದಿರಲಿ ಅಂತ ಡೈಲೇಟರ್ ಕೊಡುತ್ತಾರೆ, ಅಂದರೆ ಯೋನಿಯೊಳಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಕೊಳವೆಯಾಕಾರದ ಸಾಧನ. ನುಣುಪಾದ ಪ್ಲಾಸ್ಟಿಕ್ ಅಥವಾ ಸಿಲಿಕೋನ್‌ದು, ಚಿಕ್ಕದರಿಂದ ದೊಡ್ಡದರವರೆಗೆ ಬೇರೆ ಬೇರೆ ಗಾತ್ರ. ಸಾಮಾನ್ಯವಾಗಿ ಚಿಕಿತ್ಸೆ ಮುಗಿದು 2ರಿಂದ 8 ವಾರದೊಳಗೆ, ಒಳಗಿನ ಉರಿ ಇಳಿದ ಮೇಲೆ, ಡಾಕ್ಟರ್ ಹೇಳಿದಾಗ ಶುರು ಮಾಡಬೇಕು. ವಾರಕ್ಕೆ 2–3 ಸಲ, ಸಲಕ್ಕೆ 5–10 ನಿಮಿಷ.

ಇಷ್ಟನ್ನೂ ಹೇಳಿ, ಒಂದು ಚೀಟಿ ಕೊಟ್ಟು, ಮುಂದಿನ ಸಲ ಹೋದಾಗ ‘ಮಾಡ್ತಿದ್ದೀರಾ ಅಕ್ಕ?’ ಅಂತ ಕೇಳುತ್ತಿದ್ದೆ. ಎಲ್ಲರೂ ‘ಮಾಡ್ತಾ ಇದ್ದೀನಿ ಸಿಸ್ಟರ್’ ಅನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೊರಡುತ್ತಿದ್ದೆ.

ಕಾಫಿ ತೋಟದ ಲೈನ್ ಮನೆಯಲ್ಲಿರುವ ಒಬ್ಬ ಅಕ್ಕನೂ ಹಾಗೇ ಅಂದಿದ್ದರು. ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಒಳಗೆ ಸರಿಯಾಗಿ ನೋಡೋಕೇ ಆಗಲಿಲ್ಲ, ಅಕ್ಕ ನೋವಿಗೆ ಅತ್ತುಬಿಟ್ಟರಂತೆ. ಜೋರು ಮಳೆಯ ದಿನ ಹೋಗಿ ಅವರ ಪಕ್ಕ ಕೂತೆ, ತುಂಬ ಹೊತ್ತು. ಡೈಲೇಟರ್ ಎಲ್ಲಿಟ್ಟಿದ್ದೀರಿ ಅಂತ ಕೇಳಿದಾಗ ಅಟ್ಟದ ಮೇಲಿನ ಟ್ರಂಕಿನಿಂದ ತೆಗೆದು ತೋರಿಸಿದರು. ಕವರ್ ಕೂಡ ಬಿಚ್ಚಿರಲಿಲ್ಲ. ಒಂದೇ ಕೋಣೆ, ಮಗ, ಸೊಸೆ, ಮೊಮ್ಮಕ್ಕಳು, ಬಾಗಿಲಿಗೆ ಚಿಲಕ ಇಲ್ಲ. ಗಂಡ ತೀರಿಹೋಗಿ ವರ್ಷಗಳಾಗಿವೆ. ‘ನಂಗ್ಯಾಕೆ ಇದೆಲ್ಲ ಸಿಸ್ಟರ್, ಸೊಸೆ ನೋಡಿದ್ರೆ ಏನಂದ್ಕೋತಾಳೆ?’ ಅಂದರು. ಇನ್ನೊಂದು ಮಾತು ಕೊನೆಗೆ ಬಂತು. ಒಳಗಡೆಯಿಂದ ಕರೆಂಟ್ ಕೊಟ್ಟಾಗ ಹಾಕಿದ್ದ ಸಾಮಾನಿನ ನೆನಪು, ಇದನ್ನು ಕೈಯಲ್ಲಿ ಹಿಡಿದರೇ ಅವರಿಗೆ ನಡುಕ ಬರುತ್ತಿತ್ತು.

ತಪ್ಪು ಅವರದಲ್ಲ, ನನ್ನದು. ಇದು ಬರೀ ಗಂಡ ಹೆಂಡತಿ ಸಂಬಂಧಕ್ಕಲ್ಲ, ಕ್ಯಾನ್ಸರ್ ಮತ್ತೆ ಬಂದಿದೆಯಾ ಅಂತ ಡಾಕ್ಟರ್ ನೋಡೋಕೂ ಆ ದಾರಿ ತೆರೆದಿರಬೇಕು ಅಂತ ನಾನು ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ಒಬ್ಬರೇ ಇರೋಕೆ ಜಾಗ ಇದೆಯಾ ಅಂತಲೂ ಕೇಳಿರಲಿಲ್ಲ. ಆ ಜಾಗ ಇಲ್ಲದಿದ್ದರೆ ಚೀಟಿ ಕೊಟ್ಟು ಏನು ಪ್ರಯೋಜನ, ಅಲ್ವಾ?

ಡಾಕ್ಟರನ್ನು ಕೇಳಿ ಎಲ್ಲಕ್ಕಿಂತ ಚಿಕ್ಕ ಗಾತ್ರದಿಂದ ಶುರು ಮಾಡಿಸಿದೆವು. ಮೊದಲ ವಾರ ಸುಮ್ನೆ ಕೈಯಲ್ಲಿ ಹಿಡಿದು, ತೊಳೆದು, ಒರೆಸಿಡುವುದು, ಅಷ್ಟೇ. ಜಾಗಕ್ಕೆ ಬಚ್ಚಲು ಮನೆ ಸಿಕ್ಕಿತು, ಸಂಜೆ ಬಿಸಿನೀರು ಸ್ನಾನ ಆದ ಮೇಲೆ, ಯಾಕಂದರೆ ಆಗ ಮೈ ಸಡಿಲ ಆಗಿರುತ್ತೆ, ಯಾರೂ ಬಾಗಿಲು ತಟ್ಟಲ್ಲ. ಮಲಗೋಕೆ ಜಾಗ ಇಲ್ಲ, ಒಂದು ಕಾಲು ಸ್ಟೂಲಿನ ಮೇಲಿಟ್ಟು ನಿಂತೇ ಮಾಡಬಹುದು ಅಂತ ತೋರಿಸಿದೆ. ನೀರಿನ ಅಂಶದ ಜೆಲ್ಲಿ ಧಾರಾಳವಾಗಿ ಹಚ್ಚಿ, ಉಸಿರು ಬಿಡುತ್ತಾ ನಿಧಾನ ಒಳಗೆ ಬಿಡಬೇಕು, ಬಲವಂತ ಮಾಡಲೇಬಾರದು. ಆಮೇಲೆ ಸ್ವಲ್ಪ ಕೆಂಪು ಕಲೆ ಕಂಡರೆ ಹೆದರಬೇಡಿ ಅಂದೆ. ರಕ್ತ ಜಾಸ್ತಿ ಹೋದರೆ, ನೋವು ನಿಲ್ಲದಿದ್ದರೆ, ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ ಅಂದೆ.

ಅವರು ಒಪ್ಪಿದ ಮೇಲೆ ಸೊಸೆಗೂ ನಾನೇ ಹೇಳಿದೆ, ಇದು ಮದ್ದು ಅಂತ. ಆ ಹುಡುಗಿ ಏನೂ ಅನ್ನಲಿಲ್ಲ. ಮುಂದಿನ ಸಲ ಹೋದಾಗ ಬಚ್ಚಲಿನ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದಳು.

ಈಗ ನಾನು ‘ಮಾಡ್ತಿದ್ದೀರಾ’ ಅಂತ ಕೇಳುವುದು ಬಿಟ್ಟಿದ್ದೇನೆ. ಎಲ್ಲಿಡ್ತೀರಿ, ಯಾವ ಹೊತ್ತಿಗೆ ಒಬ್ಬರೇ ಇರ್ತೀರಿ, ಯಾವುದಕ್ಕೆ ಹೆದರಿಕೆ, ಇಷ್ಟು ಕೇಳುತ್ತೇನೆ.

ಮೊನ್ನೆ ಅಕ್ಕ ಮೈಸೂರಿಗೆ ಹೋಗಿ ಬಂದರು. ಈ ಸಲ ಡಾಕ್ಟರಿಗೆ ಒಳಗೆ ನೋಡೋಕೆ ಆಯಿತು. ಮುಂದಿನ ಚೆಕಪ್ ಪುತ್ತರಿ ಹಬ್ಬ ಕಳೆದ ಮೇಲೆ.